ಫಾರ್ವರ್ಡ್ ಪ್ರಮಾಣ ಮೀಮಾಂಸೆ

ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂದು ನೈಯಾಯಿಕರು ನಾಲ್ಕೇ ಪ್ರಮಾಣ ಹೇಳಿ ಕೈತೊಳೆದುಕೊಂಡರು. ಅವರ ಕಾಲಕ್ಕೆ ವಾಟ್ಸಾಪ್ ಇರಲಿಲ್ಲ, ಕ್ಷಮಿಸೋಣ. ಆಹಾರದ ಅಲರ್ಜಿಯ ವಿಷಯದಲ್ಲಿ ಇಂದು ಮನೆಮನೆಯಲ್ಲಿ ನಡೆಯುವುದು ಐದನೆಯದು: ಫಾರ್ವರ್ಡ್ ಪ್ರಮಾಣ. ಅದನ್ನು ಶಾಸ್ತ್ರೋಕ್ತವಾಗಿ ಸ್ಥಾಪಿಸುವುದೇ ಈ ಪ್ರಬಂಧದ ಉದ್ದೇಶ.

ಮೊದಲು ಲಕ್ಷಣ. ವೇದಕ್ಕೆ ಕರ್ತೃವಿಲ್ಲ, ಆದ್ದರಿಂದ ಕರ್ತೃದೋಷವೂ ಇಲ್ಲ ಎಂಬುದು ಮೀಮಾಂಸಕರ ವಾದ. ಫಾರ್ವರ್ಡಿಗೂ ಬರೆದವರ ಹೆಸರಿಲ್ಲ, ತಾರೀಖಿಲ್ಲ, ಅಪೌರುಷೇಯ, ಅನಾದಿ. ಡಾಕ್ಟರಾದರೋ ಹೆಸರು, ನೋಂದಣಿ ಸಂಖ್ಯೆ ಎರಡೂ ಇರುವ ಪ್ರಾಣಿ, ದೋಷಕ್ಕೆ ಎಡೆಯಿದೆ. ಐದು ಕೈ ದಾಟಿದ ಸಂದೇಶಕ್ಕೆ ವಾಟ್ಸಾಪಿನವರು ಜೋಡಿ ಬಾಣ ಹಾಕಿ, 2020ರಿಂದ ಅದನ್ನು ಒಮ್ಮೆಗೆ ಒಂದೇ ಕಡೆ ಕಳಿಸುವಂತೆ ಕಟ್ಟು ಮಾಡಿದ್ದು ಎಚ್ಚರಿಕೆಗಾಗಿ ಎಂದು ಕೆಲವರ ಮತ. ಬಾಣ ಹೆಚ್ಚಾದಷ್ಟೂ ಬಲ ಹೆಚ್ಚು ಎಂಬುದು ನಮ್ಮ ಹಿರಿಯರ ಸಿದ್ಧಾಂತ.

ಅನಾದಿತ್ವಕ್ಕೆ ದೃಷ್ಟಾಂತ ಶೇಂಗಾ. ಅಲರ್ಜಿಯ ಸಂಭವ ಹೆಚ್ಚಿರುವ ಮಕ್ಕಳಿಗೆ ಮೂರು ವರ್ಷದ ತನಕ ಅದನ್ನು ಕೊಡಬೇಡಿ ಎಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2000ದಲ್ಲಿ ಹೇಳಿತು. 2008ರಲ್ಲಿ ಆ ಮಾತನ್ನು ಬಿಟ್ಟಿತು. 2015ರಲ್ಲಿ ಪ್ರಕಟವಾದ ಲಂಡನ್ನಿನ ಲೀಪ್ ಅಧ್ಯಯನ, ಪರೀಕ್ಷಿಸಿ ಆರಿಸಿದ 640 ಕೂಸುಗಳನ್ನು ಐದು ವರ್ಷ ತುಂಬುವವರೆಗೆ ಗಮನಿಸಿತ್ತು. ಬೇಗ ತಿನ್ನಿಸಿದವರಲ್ಲಿ ಶೇಂಗಾ ಅಲರ್ಜಿ ಐದರಲ್ಲಿ ನಾಲ್ಕು ಪಾಲು ಕಡಿಮೆ! ಆದರೂ ಜಾಲದಲ್ಲಿ 2000ದ ಮಾತಿಗೆ ಸಾವಿಲ್ಲ. ತಾರೀಖೇ ಇಲ್ಲದ್ದು ಹಳತಾಗುವುದಾದರೂ ಹೇಗೆ?

ಇನ್ನು ಪ್ರಯೋಗ. ಮದುವೆಮನೆಯಲ್ಲಿ ಹುಡುಗನೊಬ್ಬ ಗೋಡಂಬಿ ಬರ್ಫಿ ತಿಂದ. ಮೈಯೆಲ್ಲ ಪಿತ್ತಗಂಧೆ ಎದ್ದು ತುಟಿ ಊದಿತು. ತಾಯಿ ಫೋಟೊ ತೆಗೆದು ಕುಟುಂಬದ ಗ್ರೂಪಿಗೆ ಹಾಕಿದಳು. ದೊಡ್ಡಮ್ಮ: "ಕಂಬಳೀಲಿ ಉಜ್ಜೇ." ಸೋದರತ್ತೆ: "ದೊಡ್ಡಪತ್ರೆ ರಸ ಹಚ್ಚು. ಬದನೇಕಾಯಿ ಬಿಡ್ಸು, ನಂಜು." ಬರ್ಫಿಯಲ್ಲಿ ಬದನೇಕಾಯಿ ಇರಲಿಲ್ಲವೆಂಬ ಆಕ್ಷೇಪ ಬಾಲಿಶ. ದುಬೈಯಿಂದ ಚಿಕ್ಕಪ್ಪ ಹದಿನೇಳು ನಿಮಿಷದ ವಿಡಿಯೊ ಕಳಿಸಿದರು. ಮೂವರು ಕೈಮುಗಿದರು. ಒಬ್ಬರು ಫೋಟೊ ಸರಿಯಾಗಿ ನೋಡದೆ "ಹ್ಯಾಪಿ ಬರ್ತ್‌ಡೇ ಪುಟ್ಟಾ" ಎಂದರು.

ಪೂರ್ವಪಕ್ಷಿ ಕೇಳುತ್ತಾನೆ: ರಕ್ತಪರೀಕ್ಷೆ ಇದೆಯಲ್ಲ? ಇದೆ, ಮೊಬೈಲಿನಲ್ಲೇ ಬುಕ್ ಆಗುತ್ತದೆ. ಇನ್ನೂರು ಆಹಾರಗಳ ಐಜಿಜಿ ವರದಿ ಬಣ್ಣಬಣ್ಣವಾಗಿ ಬರುತ್ತದೆ. ಅಕ್ಕಿ, ರಾಗಿ, ತೊಗರಿ, ಹಾಲು ಎಲ್ಲ ಕೆಂಪು. ಐಜಿಜಿ ಎಂದರೆ ತಿಂದದ್ದಕ್ಕೆ ಮೈ ಕೊಟ್ಟ ರಸೀದಿ, ಅಷ್ಟೆ. ಅದನ್ನು ನೋಡಿ ಅಲರ್ಜಿ ಎನ್ನಕೂಡದೆಂದು ಯುರೋಪಿನ ಅಲರ್ಜಿ ತಜ್ಞರ ಅಕಾಡೆಮಿ 2008ರಲ್ಲೇ ಸಾರಿದೆ. ಐಜಿಇ ಪರೀಕ್ಷೆಗೆ ಬೆಲೆಯಿದೆ, ಆದರೆ ಅದೊಂದೇ ಸಾಲದು. ಯೂರೋಪ್ರಿವಾಲ್ ಅಧ್ಯಯನದವರು ಬೆಂಗಳೂರು, ಮೈಸೂರಿನ ವಯಸ್ಕರನ್ನು ಪರೀಕ್ಷಿಸಿದಾಗ ನೂರಕ್ಕೆ ಸುಮಾರು 26 ಮಂದಿಯ ರಕ್ತ ಯಾವುದಾದರೊಂದು ಆಹಾರಕ್ಕೆ ಹೌದೆಂದಿತು. ಅಲರ್ಜಿ ನಿಜಕ್ಕೂ ಇರಬಹುದಾದವರು ನೂರಕ್ಕೆ ಒಬ್ಬರ ಆಸುಪಾಸು. ಏನು ತಿಂದೆ, ಎಷ್ಟು ಹೊತ್ತಿಗೆ ಏನಾಯಿತು ಎಂದು ಎದುರು ಕೂತು ಕೇಳುವವರು ಬೇಕು. ಇಷ್ಟು ನಿಧಾನದ ವಿದ್ಯೆಯನ್ನು ಯಾರು ಫಾರ್ವರ್ಡ್ ಮಾಡುತ್ತಾರೆ?

ಪೊಟ್ಟಣದ ಹಿಂಬದಿಯದೂ ಇದೇ ಪಾಡು. ಹಾಲು, ಮೊಟ್ಟೆ, ಮೀನು, ಸೀಗಡಿ, ಶೇಂಗಾ, ಗೋಡಂಬಿ, ಸೋಯಾ, ಗೋಧಿ ಇದ್ದರೆ ಅಲ್ಲಿ ನಮೂದಿಸಬೇಕೆಂದು ಎಫ್‌ಎಸ್‌ಎಸ್‌ಎಐ ನಿಯಮ. ಆದರೆ ಓದಲು ಕನ್ನಡಕ ಹುಡುಕಬೇಕು, ಹಿನ್ನೆಲೆ ಸಂಗೀತವೂ ಇಲ್ಲ.

ಗ್ರೂಪಿನಲ್ಲಿ ದೊಡ್ಡಪತ್ರೆಯ ವಾದ ಇನ್ನೂ ಇತ್ಯರ್ಥವಾಗಿರಲಿಲ್ಲ. ಹುಡುಗನಿಗೆ ಏದುಸಿರು ಶುರುವಾಯಿತು. ಬಡಿಸುತ್ತಿದ್ದವರೊಬ್ಬರು ಸೌಟು ಕೆಳಗಿಟ್ಟು ಆಟೊ ತಂದರು. ಆಸ್ಪತ್ರೆಯಲ್ಲಿ ಹುಡುಗನ ತೊಡೆಗೆ ಅಡ್ರಿನಲಿನ್ ಚುಚ್ಚಿದರು.

ಆ ಸೂಜಿಗೆ ಬದಲಿಲ್ಲ. ಅಲರ್ಜಿಯ ಮಾತ್ರೆ ತುರಿಕೆ ಇಳಿಸೀತು, ಕಟ್ಟಿದ ಉಸಿರು ಬಿಡಿಸದು. ಅಂಥ ಹೊತ್ತು ಬಂದರೆ, ಓದುಗರೇ, ಮೊದಲು 108ಕ್ಕೆ ಫೋನ್ ಮಾಡಿ. ಗ್ರೂಪಿಗೆ ಆಮೇಲೆ ತಿಳಿಸಿದರಾಯಿತು.