‘ಹೊಳಿ ಬಂದೈತ್ರಿ’: ಒಂದು ದೋಷಮೀಮಾಂಸೆ

ಹಂಪಿಯ ದಂಡೆಯಲ್ಲಿ ನಿಂತು, ಆಚೆಯ ವಿರೂಪಾಪುರಗಡ್ಡೆಯತ್ತ ‘ಏ ಅಂಬಿಗಾ!’ ಎಂದು ಕೂಗುವುದನ್ನೇ ಗಣಕಪಂಡಿತರು ಸಿಸ್ಟಂ ಕಾಲ್ ಎನ್ನುತ್ತಾರೆ. ತುಂಗಭದ್ರೆಯೇ ಕರ್ನಲ್; ಪಾಮರ ಪ್ರೋಗ್ರಾಮು ಅದರೊಳಗೆ ಇಳಿಯುವಂತಿಲ್ಲ, ಕೂಗಬಹುದಷ್ಟೆ. ದೋಣಿ ಬಂದರೆ ಶಾಸ್ತ್ರಕ್ಕೆ ಕೆಲಸವಿಲ್ಲ. ಬಾರದಿದ್ದಾಗಲೇ ಮೀಮಾಂಸೆ.

ಬಾರದ ಅಂಬಿಗ ಕಾರಣವನ್ನು ಅಂಕಿಯಲ್ಲಿ ಹೇಳುತ್ತಾನೆ. ತೊಡಕೆಂದರೆ, ದಂಡೆಗೊಂದು ಮಗ್ಗಿ. 5 ಎಂದರೆ ವಿಂಡೋಸ್ ದಂಡೆಯಲ್ಲಿ ‘ಅಪ್ಪಣೆ ಇಲ್ಲ’. ಲಿನಕ್ಸ್ ದಂಡೆಯಲ್ಲಿ ಅದೇ 5 ಇನ್‌ಪುಟ್-ಔಟ್‌ಪುಟ್ ದೋಷ, ಅರ್ಥಾತ್ ಹರಿಗೋಲೇ ತೂತು. ‘ಈಗ ಆಗೂದಿಲ್ಲ, ಆಮ್ಯಾಲೆ ಬರ್ರಿ’ ಎನ್ನಲು ಲಿನಕ್ಸ್‌ಗೆ 11 ಸಾಕು, ಮ್ಯಾಕ್‌ಗೆ 35 ಬೇಕು. ವಿಂಡೋಸಿನ ಸಾಕೆಟ್ಟುಗಳು ಆ 35ಕ್ಕೆ ಹತ್ತು ಸಾವಿರ ಸೇರಿಸಿ 10035 ಎನ್ನುತ್ತವೆ. ಶ್ರೀಮಂತರ ನಿರಾಕರಣೆಯೂ ದುಬಾರಿ.

2020ರ ಮಾರ್ಚ್‌ನಲ್ಲಿ, ಸುಪ್ರೀಂ ಕೋರ್ಟ್ ತೀರ್ಪಿನ ಬೆನ್ನಿಗೆ, ಗಡ್ಡೆಯ ರೆಸಾರ್ಟ್‌ಗಳು ನೆಲಸಮವಾದವು. ಹಳೆಯ ಪ್ರವಾಸಿ ಪುಸ್ತಕ ಹಿಡಿದು ಬಂದವನಿಗೆ ‘ಆ ಲಾಡ್ಜ್ ಇಲ್ರಿ’ ಎಂದರೆ ವಿಂಡೋಸಿನ 2. ‘ಲಾಡ್ಜ್ ಇದ್ದ ಓಣೀನೂ ಇಲ್ರಿ’ ಎಂದರೆ 3. ಲಿನಕ್ಸ್ ಎರಡಕ್ಕೂ 2 ಎಂದು ಕೈತೊಳೆದುಕೊಳ್ಳುತ್ತದೆ.

ಆದ್ದರಿಂದ ನಡುವೆ ದುಭಾಷಿ ಬೇಕು. ಅವನೇ ಸ್ಟ್ಯಾಂಡರ್ಡ್ ಲೈಬ್ರರಿ. ಪೈಥಾನ್ 2012ರ ತನ್ನ 3.3ನೆಯ ಆವೃತ್ತಿಯಲ್ಲಿ ಈ ಅಂಕಿಗಳಿಗೆ ಫೈಲ್‌ನಾಟ್‌ಫೌಂಡ್‌ಎರರ್, ಪರ್ಮಿಷನ್‌ಎರರ್ ಎಂದೆಲ್ಲ ನಾಮಕರಣ ಮಾಡಿತು. ನಡುಹೊಳೆಯಲ್ಲಿ ಅಂಬಿಗನ ಫೋನು ಮೊಳಗಿ ದೋಣಿ ಹಿಂದಿರುಗುವ ‘ಇಂಟರಪ್ಟೆಡ್’ ಪ್ರಸಂಗದಲ್ಲಿ, 2015ರ 3.5ರಿಂದ, ದುಭಾಷಿಯೇ ಮತ್ತೆ ಕೂಗುತ್ತಾನೆ. ಗಂಟಲಾದರೂ ಉಳಿಯಿತು.

ಪೂರ್ವಪಕ್ಷ: ಎಲ್ಲಕ್ಕೂ ‘ಆಗಂಗಿಲ್ಲ’ ಎಂದರೆ ಸಾಲದೆ? ಸಾಲದು. ‘ಆಮ್ಯಾಲೆ ಬರ್ರಿ’ ಎಂದರೆ ಚಹಾ ಕುಡಿದು ಬರಬಹುದು. ‘ಹೊಳಿ ಬಂದೈತ್ರಿ’ ಎಂದರೆ ಮೇಲೆ ಡ್ಯಾಂ ಗೇಟು ತೆರೆದಿದೆ. ಚಹಾ ಕುಡಿಯುತ್ತ ಕೂತರೆ ವಾರವಾದೀತು, ಕಡೆಬಾಗಿಲು ಸೇತುವೆ ಸುತ್ತಿ ಹೋಗಬೇಕು. ಎರಡನ್ನೂ ಒಂದೇ ಹೆಸರಿನ ಮೂಟೆಗೆ ತುಂಬಿದ ದುಭಾಷಿ ಪ್ರಯಾಣಿಕನನ್ನು ಕೆಡಿಸಿದಂತೆಯೇ. ರಸ್ಟ್ ಭಾಷೆಯವರು ಈ ಮಟ್ಟಿಗೆ ಜಾಣರು: ಹೆಸರಿಡಲಾಗದ ದೋಷವನ್ನು ‘ಅನ್‌ಕ್ಯಾಟಗರೈಸ್ಡ್’ ಎಂದರೂ ಅಂಬಿಗ ಆಡಿದ ಮೂಲ ಅಂಕಿಯನ್ನು ರಾ_ಓಎಸ್_ಎರರ್‌ನಲ್ಲಿ ಕಟ್ಟಿ ಕೊಡುತ್ತಾರೆ.

ಇಷ್ಟು ಪ್ರತಿಪಾದಿಸುವಷ್ಟರಲ್ಲಿ ಆಚೆಯಿಂದ ಕೂಗು ಬಂತು: ‘ಯಪ್ಪಾ, ಹೊತ್ತಾತು, ದೋಣಿ ಬಂದ್!’ ಅವಧಿ ಮೀರಿದ ಈ ದೋಷ ಲಿನಕ್ಸಿನಲ್ಲಿ 110, ಮ್ಯಾಕಿನಲ್ಲಿ 60. ಸೇತುವೆ ಸುತ್ತಿಸಲು ಆಟೋದವನು ಹೇಳಿದ ಅಂಕಿ ಎರಡರಲ್ಲಿ ಯಾವುದಕ್ಕೂ ಹೊಂದಲಿಲ್ಲ.