ಸಂಸಾರ ಯಂತ್ರ: ಬಳಕೆದಾರರ ಕೈಪಿಡಿ

ಮಧ್ಯಮವರ್ಗದ ಸಂಸಾರವನ್ನು ಆಯ್ದುಕೊಂಡಿದ್ದಕ್ಕೆ ಧನ್ಯವಾದಗಳು. ಒಮ್ಮೆ ಕೊಂಡದ್ದನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ, ಬದಲಿ ಕೊಡುವ ಪದ್ಧತಿಯೂ ಇಲ್ಲ. ಯಂತ್ರ ಚಾಲೂ ಮಾಡುವ ಮುನ್ನ ಈ ಕೈಪಿಡಿಯನ್ನು ಪೂರ್ತಿ ಓದಿ. ಓದಿದ ಮೇಲೆ ಮಿಕ್ಸಿಯ ಕೈಪಿಡಿ ಎತ್ತಿಟ್ಟ ಜಾಗದಲ್ಲೇ, ಅಂದರೆ ಬೇಕಾದಾಗ ಕೈಗೆ ಸಿಗದ ಕಡೆ, ಜೋಪಾನವಾಗಿಡಿ.

ಮೈಸೂರಿನ ಒಂದು ಪುಟ್ಟ ಮನೆಯಲ್ಲಿ ಇಪ್ಪತ್ತೆರಡು ವರ್ಷ ನಡೆದ ಪ್ರಯೋಗಗಳಿಂದ ಇದು ಸಿದ್ಧವಾಗಿದೆ. ಪ್ರಯೋಗಕ್ಕೆ ಸಿಕ್ಕಿಕೊಂಡವರು ನಾನು, ನಮ್ಮಾಕೆ, ನನ್ನ ತಾಯಿ ಮತ್ತು ಕಾಲೇಜಿಗೆ ಹೋಗುವ ಮಗ. ಬೇರೆ ಊರಿನ ಯಂತ್ರಗಳಿಗೆ ತಿರುಪು ಒಂದೆರಡು ಸುತ್ತು ಹೆಚ್ಚುಕಮ್ಮಿ ಬೇಕಾದೀತು.

ಪೆಟ್ಟಿಗೆಯೊಳಗೆ ಏನೇನಿದೆ

ಒಂದು ಸಂಬಳ. ವಿಮೆ ಏಜೆಂಟರು ಪುಕ್ಕಟೆ ಕೊಟ್ಟ ಡೈರಿ ಒಂದು, ಇನ್ನು ಮುಂದೆ ಇದನ್ನು ಲೆಕ್ಕದ ಪುಸ್ತಕ ಎನ್ನಲಾಗುವುದು. ದಾರ ಕಟ್ಟಿದ ಬಾಲ್ ಪೆನ್ನು. ಅಡುಗೆಮನೆಯ ಕಟ್ಟೆಯ ಮೇಲೆ ಸಾಲಾಗಿ ನಿಂತ ಸ್ಟೀಲ್ ಡಬ್ಬಿಗಳು, ಹದಿನಾಲ್ಕು. ಡಬ್ಬಿಗಳ ಮುಚ್ಚಳವನ್ನು ಗಂಡಸರು ತೆರೆಯುವ ಅಗತ್ಯ ಸಾಮಾನ್ಯವಾಗಿ ಬರುವುದಿಲ್ಲ.

ಲೆಕ್ಕದ ಪುಸ್ತಕದ ಅಳವಡಿಕೆ

ಜನವರಿ ಒಂದರಂದು ಸ್ಕೇಲು ಹಿಡಿದು ಕೂತು ಕಾಲಂ ಎಳೆಯಿರಿ: ಹಾಲು, ತರಕಾರಿ, ದಿನಸಿ, ಗ್ಯಾಸ್, ಕರೆಂಟು, ಔಷಧಿ, ಇತರೆ. ‘ಇತರೆ’ಗೆ ಅರ್ಧ ಇಂಚು ಸಾಕು ಅನ್ನಿಸುತ್ತದೆ. ಸಾಲದು. ಯುಗಾದಿ ಹೊತ್ತಿಗೆ ಅದು ಔಷಧಿಯ ಕಾಲಮ್ಮಿನೊಳಗೆ ಕಾಲು ಚಾಚಿರುತ್ತದೆ. ಕಚೇರಿ ಪಕ್ಕದ ಹೋಟೆಲಿನ ಮಸಾಲೆ ದೋಸೆ, ಸಹೋದ್ಯೋಗಿಯ ಮಗಳ ಮದುವೆಗೆ ಹಾಕಿದ ಮುಯ್ಯಿ, ಸ್ಕೂಟರಿನ ಪಂಕ್ಚರು, ಯಾಕೆ ಕೊಂಡೆ ಎಂದು ನನಗೇ ನೆನಪಿಲ್ಲದ ಟಾರ್ಚು, ಎಲ್ಲವೂ ಅಲ್ಲಿಗೇ ಬಂದು ಬೀಳುತ್ತವೆ.

ರಾತ್ರಿ ಒಂಬತ್ತಕ್ಕೆ ಪುಸ್ತಕ ತೆರೆದು, ಅಡುಗೆಮನೆಯ ಕಡೆ ಮುಖ ಮಾಡಿ ಕೇಳಿ:

“ತರಕಾರಿ ಎಷ್ಟಾಯ್ತೇ ಇವತ್ತು?”

“ನೂರಾ ನಲವತ್ತು.”

ಚಪಾತಿ ಲಟ್ಟಿಸುವ ಕೈ ನಿಲ್ಲಿಸದೆ, ತಲೆಯೂ ಎತ್ತದೆ ಬರುವ ಉತ್ತರ ಇದು. ಹಾಗೇ ಬರೆದುಕೊಳ್ಳಿ. ಅದು ಯಾವಾಗಲೂ ಹತ್ತರಿಂದ ಭಾಗವಾಗುವ ಸಂಖ್ಯೆಯೇ ಏಕಾಗಿರುತ್ತದೆ ಎಂದು ಯೋಚಿಸಲು ನನಗೆ ಹದಿಮೂರು ವರ್ಷ ಬೇಕಾಯಿತು. ಆ ವಿಷಯ ಮುಂದೆ ಬರುತ್ತದೆ.

ವಿದ್ಯುತ್ ಉಳಿತಾಯ

ಒಂಬತ್ತು ವ್ಯಾಟಿನ ಎಲ್‌ಇಡಿ ಬಲ್ಬು ಒಂದು ಯೂನಿಟ್ ತಿನ್ನಬೇಕಾದರೆ 111 ಗಂಟೆ ಉರಿಯಬೇಕು, ಅಂದರೆ ಹಗಲೂ ರಾತ್ರಿ ಬಿಡದೆ ನಾಲ್ಕೂವರೆ ದಿನಕ್ಕೂ ಹೆಚ್ಚು. ಎರಡು ಕಿಲೋವ್ಯಾಟಿನ ಗೀಸರ್ ಅದೇ ಒಂದು ಯೂನಿಟ್ಟನ್ನು ಅರ್ಧ ಗಂಟೆಯಲ್ಲಿ ನುಂಗಿ ನೀರು ಕುಡಿಯುತ್ತದೆ. ಆದ್ದರಿಂದ ಸರಿಯಾದ ವಿಧಾನ ಹೀಗಿದೆ: ಮನೆ ಯಜಮಾನ ಬೆಳಿಗ್ಗೆ ಆರಕ್ಕೆ ಗೀಸರ್ ಹಾಕಿ, ಪೇಪರ್ ಓದುತ್ತಾ ಮೈಮರೆತು, ಆರೂಮುಕ್ಕಾಲಿಗೆ ಸ್ನಾನಕ್ಕೆ ಹೋಗಬೇಕು. ಸಂಜೆ ಕೋಣೆಯಿಂದ ಕೋಣೆಗೆ ಓಡಾಡಿ ಬಲ್ಬು ಆರಿಸುತ್ತಾ, “ಕರೆಂಟೇನು ಪುಕ್ಕಟೆ ಬರುತ್ತಾ?” ಎಂದು ಕೂಗಬೇಕು.

2023ರಿಂದ ಹಾಗೆ ಕೂಗುವಂತಿಲ್ಲ, ಏಕೆಂದರೆ ಪುಕ್ಕಟೆಯೇ ಬರುತ್ತಿದೆ. ರಾಜ್ಯ ಸರ್ಕಾರದ ಗೃಹಜ್ಯೋತಿ ಯೋಜನೆಯಲ್ಲಿ ತಿಂಗಳಿಗೆ 200 ಯೂನಿಟ್‌ವರೆಗೆ ಉಚಿತ ಎಂದು ಕೇಳಿ ಮಗ ಕುಣಿದಾಡಿದ. ಒಳಗಿನ ಸಣ್ಣಕ್ಷರ ಓದಿದವನು ನಾನು. ಹಿಂದಿನ ವರ್ಷದ ಸರಾಸರಿ ಬಳಕೆ, ಅದರ ಮೇಲೆ ಶೇ. 10, ಅಷ್ಟೇ ನಮ್ಮ ಪಾಲು. ವರ್ಷವಿಡೀ ಬಲ್ಬು ಆರಿಸಿದ್ದ ನಮ್ಮ ಮನೆಯ ಸರಾಸರಿ 74, ಸಿಕ್ಕಿದ್ದು 81. ಪಕ್ಕದ ಮನೆಯವರು ಮೋಟಾರು, ಗೀಸರು, ಹಾಲಿನ ಐದು ದೀಪ ಯಾವುದಕ್ಕೂ ಲೆಕ್ಕ ಇಟ್ಟವರಲ್ಲ. ಅವರ ಸರಾಸರಿ 170, ಸಿಕ್ಕಿದ್ದು 187. ಮಿತವ್ಯಯಕ್ಕೆ ಸಂದ ಬಹುಮಾನ ಇದು. ಕಾಂಪೌಂಡಿನ ಆಚೆಯಿಂದ ಅವರು, “ನಿಮಗೆಷ್ಟು ಬಂತು ಸಾರ್?” ಎಂದು ಕೇಳಿದರೆ ಗಿಡಕ್ಕೆ ನೀರು ಹಾಕುತ್ತಿರುವಂತೆ ನಟಿಸಿ.

ಮನೆಯೊಡತಿಗೆ ಸರ್ಕಾರ ತಿಂಗಳಿಗೆ ಕೊಡುವ ಗೃಹಲಕ್ಷ್ಮಿಯ ಎರಡು ಸಾವಿರ ನಮ್ಮ ಮಾದರಿಯ ಯಂತ್ರಕ್ಕೆ ಹೊಂದುವುದಿಲ್ಲ. ಗಂಡ ಆದಾಯ ತೆರಿಗೆ ಕಟ್ಟುವವನಾದರೆ ಹೆಂಡತಿಗೆ ಆ ಹಣವಿಲ್ಲ. “ನೀವು ತೆರಿಗೆ ಕಟ್ಟೋದು ಅಷ್ಟರಲ್ಲೇ ಇದೆ, ನನಗೆ ಮಾತ್ರ ಪೂರ್ತಿ ಕಲ್ಲು ಹಾಕಿದ್ರಿ” ಎನ್ನುವ ದೂರು ಪ್ರತಿ ತಿಂಗಳೂ ದಾಖಲಾಗುತ್ತದೆ. ಇದಕ್ಕೆ ದುರಸ್ತಿ ಇಲ್ಲ.

ಗ್ಯಾಸ್

ಸಿಲಿಂಡರಿನ ಕತ್ತಿನ ಪಟ್ಟಿಯ ಮೇಲೆ ಖಾಲಿ ತೂಕ ಬರೆದಿರುತ್ತದೆ. ಅದಕ್ಕೆ 14.2 ಕಿಲೋ ಕೂಡಿಸಿ, ತಂದುಕೊಟ್ಟವರ ಮುಂದೆಯೇ ತೂಗಿಸಿ ನೋಡುವ ಹಕ್ಕು ನಿಮಗಿದೆ. ನಾನು ಒಮ್ಮೆ ಚಲಾಯಿಸಿದೆ. ತೂಕ ಸರಿಯಾಗಿತ್ತು. ಸಿಲಿಂಡರ್ ಹೊತ್ತು ಎರಡನೇ ಮಹಡಿ ಹತ್ತಿ ಬಂದಿದ್ದ ಹುಡುಗ ಬೆವರು ಒರೆಸಿಕೊಳ್ಳುತ್ತಾ ನನ್ನನ್ನು ನೋಡಿದ ನೋಟಕ್ಕೆ ಮೂವತ್ತು ರೂಪಾಯಿ ಕೊಟ್ಟು ಕಳಿಸಿದೆ. ಅದೂ ‘ಇತರೆ’ಗೆ ಸೇರಿತು.

ಒಳಗೆ ಇನ್ನೆಷ್ಟು ಉಳಿದಿದೆ ಎಂದು ತಿಳಿಯಲು ನನ್ನ ತಾಯಿಯ ವಿಧಾನ ಉಪಕರಣವಿಲ್ಲದ್ದು. ಒದ್ದೆ ಬಟ್ಟೆಯಿಂದ ಸಿಲಿಂಡರನ್ನು ಮೇಲಿನಿಂದ ಕೆಳಗೆ ಒಂದು ಸಲ ಒರೆಸಿ ಸುಮ್ಮನೆ ನೋಡುತ್ತಾ ನಿಲ್ಲಬೇಕು. ಖಾಲಿಯಾದ ಭಾಗ ಬೇಗ ಒಣಗುತ್ತದೆ, ದ್ರವ ಇರುವ ಭಾಗದ ತೇವ ನಿಧಾನಕ್ಕೆ ಆರುತ್ತದೆ. ಎರಡರ ನಡುವೆ ಒಂದು ಗೆರೆ ಮೂಡುತ್ತದೆ. ಅಮ್ಮ ಅಲ್ಲಿ ಬೆರಳಿಟ್ಟು, “ಶನಿವಾರದವರೆಗೆ ಬರುತ್ತೆ” ಎಂದರೆ ಶನಿವಾರದವರೆಗೇ ಬರುತ್ತದೆ. ಬೇಳೆಯನ್ನು ಮೊದಲೇ ನೆನೆಸಿಡುವುದು, ಕುಕ್ಕರ್ ಕೂಗಿದ ಕೂಡಲೇ ಉರಿ ಸಣ್ಣಗೆ ಮಾಡುವುದು, ಇವೂ ಅವರಿಂದ ಬಂದ ಪಾಠಗಳೇ.

ಎಚ್ಚರಿಕೆ: ಕೊನೆಯ ದಿನ ಸಿಲಿಂಡರನ್ನು ಮಲಗಿಸಿ, ಅಲ್ಲಾಡಿಸಿ ಇನ್ನೊಂದು ಕಾಫಿಗಾಗುವಷ್ಟು ಗ್ಯಾಸ್ ಹಿಂಡಲು ಹೋಗಬೇಡಿ. ಅಪಾಯ.

ಕಾಫಿ, ಹಾಲು

ಪುಡಿಯ ಬೆಲೆ ಏರಿದಾಗಲೆಲ್ಲ ಚಿಕೋರಿಯ ಪಾಲು ಏರಿಸಿ. ನಾವು ಎಂಬತ್ತು ಇಪ್ಪತ್ತರಿಂದ ಹೊರಟು ಅರವತ್ತು ನಲವತ್ತಕ್ಕೆ ಬಂದು ತಲುಪಿದ್ದೇವೆ. ಇನ್ನೊಂದು ಹೆಜ್ಜೆ ಇಟ್ಟರೆ ಚಿಕೋರಿಗೆ ಕಾಫಿ ಬೆರೆಸಿದಂತಾಗುತ್ತದೆ. ಎರಡನೇ ಡಿಕಾಕ್ಷನ್ನನ್ನು ನೆಂಟರ ದರ್ಜೆ ನೋಡಿ ಬಳಸಿ.

ಹಾಲಿನಲ್ಲಿ ಉಳಿತಾಯ ಮಾಡಲು ಹೋಗಿ ನಾನು ಸೋತಿದ್ದೇನೆ. 2024ರ ಜೂನ್‌ನಲ್ಲಿ ನಂದಿನಿ ಪೊಟ್ಟಣಕ್ಕೆ 50 ಮಿಲಿ ಲೀಟರ್ ಹೆಚ್ಚು ಹಾಲು ತುಂಬಿ 2 ರೂಪಾಯಿ ಏರಿಸಿದರು. ಹೆಚ್ಚಿಗೆ ಬಂದ ಆ ಒಂದಿಷ್ಟು ಹಾಲನ್ನು ಪ್ರತ್ಯೇಕ ಲೋಟಕ್ಕೆ ಎತ್ತಿಟ್ಟು, ವಾರಕ್ಕೊಂದು ಪೊಟ್ಟಣ ಕಡಿಮೆ ತರುವ ಯೋಜನೆ ಹಾಕಿದೆ. ಎತ್ತಿಟ್ಟ ಹಾಲನ್ನು ಬೆಕ್ಕು ಕುಡಿಯಿತು. 2025ರ ಏಪ್ರಿಲ್‌ನಲ್ಲಿ ಲೀಟರಿಗೆ 4 ರೂಪಾಯಿ ಏರಿತು, ಆ 50 ಮಿಲಿಯೂ ಹೋಯಿತು. ಬೆಕ್ಕು ಮಾತ್ರ ಇನ್ನೂ ಬರುತ್ತದೆ.

ಮಾರುಕಟ್ಟೆಗೆ ಯಾರನ್ನು ಕಳಿಸಬೇಕು

ದಿನದ ತರಕಾರಿಯನ್ನು ನಮ್ಮಾಕೆ ಬಾಗಿಲಿಗೆ ಬರುವ ಗಾಡಿಯಲ್ಲೇ ಕೊಳ್ಳುತ್ತಿದ್ದರು; ದೊಡ್ಡ ಮಾರುಕಟ್ಟೆಯ ಮಟ್ಟಿಗೆ 2023ರ ಜೂನ್ 11ರವರೆಗೆ ಈ ಪ್ರಶ್ನೆಗೆ ಉತ್ತರ ನಾನೇ ಆಗಿದ್ದೆ. ಅಂದು ಶಕ್ತಿ ಯೋಜನೆ ಬಂತು, ಹೆಂಗಸರಿಗೆ ಬಸ್ಸು ಉಚಿತವಾಯಿತು. ನನ್ನ ಸ್ಕೂಟರಿಗೆ ಪೆಟ್ರೋಲು ಬೇಕು, ನಮ್ಮಾಕೆಗೆ ಸೊನ್ನೆ ಟಿಕೆಟ್ಟು. ಗಣಿತ ಸರಳ, ಅವರೇ ದೇವರಾಜ ಮಾರುಕಟ್ಟೆಗೆ ಹೋಗಲಿ ಎಂದು ತೀರ್ಮಾನಿಸಿದೆ. ಮೊದಲ ದಿನ ಅವರು ತಂದದ್ದು: ಎರಡು ಕಿಲೋ ಬೀನ್ಸು, ನಾಲ್ಕು ಮೊಳ ಮಲ್ಲಿಗೆ, ಅರಿಸಿನ ಕುಂಕುಮದ ಹೊಸ ಬಟ್ಟಲು, ದಾರಿಯಲ್ಲಿ ಸಿಕ್ಕ ಚಿಕ್ಕಮ್ಮ. ಚಿಕ್ಕಮ್ಮ ರಾತ್ರಿ ಊಟ ಮುಗಿಸಿ ಸೊನ್ನೆ ಟಿಕೆಟ್ಟಿನಲ್ಲೇ ಹಿಂತಿರುಗಿದರು.

ಆದರೂ ಹೇಳಲೇಬೇಕು: ನಾನು ಹೋದರೆ ಹೇಳಿದ ಬೆಲೆಗೆ ತರುತ್ತೇನೆ. ಅವರು ಸೋರೆಕಾಯಿಗೆ ಉಗುರು ಒತ್ತಿ ನೋಡಿ, ಮುಂದಿನ ಅಂಗಡಿಗೆ ಹೊರಟಂತೆ ಎರಡು ಹೆಜ್ಜೆ ಹಾಕಿ, ಕರೆಸಿಕೊಂಡು ತರುತ್ತಾರೆ. ಅದೇ ವರ್ಷ ಜುಲೈನಲ್ಲಿ ಟೊಮೆಟೊ ಕಿಲೋಗೆ ನೂರು ದಾಟಿದಾಗ ನಾನು ಟಿವಿ ಮುಂದೆ ಕೂತು ಸರ್ಕಾರಕ್ಕೆ ಸಲಹೆ ಕೊಡುತ್ತಿದ್ದೆ. ಅವರು ಎರಡು ತಿಂಗಳು ಹುಣಸೆಹಣ್ಣಿನಲ್ಲೇ ಸಾರು ಮಾಡಿದರು. ಟೊಮೆಟೊ ಇಲ್ಲ ಎಂದು ನನಗೆ ಗೊತ್ತಾಗಿದ್ದೇ ಬೆಲೆ ಇಳಿದು ಟೊಮೆಟೊ ಮತ್ತೆ ಬಂದಾಗ.

ಮುಟ್ಟದೇ ಬಿಟ್ಟ ದೊಡ್ಡ ತಿರುಪು

ಯಂತ್ರದ ಹಿಂಬದಿಯಲ್ಲಿ ಒಂದು ದೊಡ್ಡ ತಿರುಪು ಇದೆ. ಸೊಪ್ಪಿನ ಕಟ್ಟಿಗೆ ಎರಡು ರೂಪಾಯಿ ಚೌಕಾಸಿ ಮಾಡುವವರು ಇದರ ಕಡೆ ತಿರುಗಿಯೂ ನೋಡುವುದಿಲ್ಲ. ಅದರ ಹೆಸರು ಗೃಹಸಾಲ. 25 ಲಕ್ಷ ಸಾಲ, ಶೇ. 8.5 ಬಡ್ಡಿ, 20 ವರ್ಷ ಎಂದರೆ ತಿಂಗಳ ಕಂತು ಸುಮಾರು 21,700. ಒಟ್ಟು ಕಟ್ಟುವುದು 52 ಲಕ್ಷ ದಾಟುತ್ತದೆ. ಬ್ಯಾಂಕಿಗೂ ಒಂದು ಮನೆ ಕಟ್ಟಿಸಿಕೊಟ್ಟ ಹಾಗೆ. ವರ್ಷಕ್ಕೆ ಒಂದೇ ಒಂದು ಕಂತು ಹೆಚ್ಚಿಗೆ ಕಟ್ಟುತ್ತಾ ಹೋದರೆ ಸಾಲ ಸುಮಾರು ಮೂರೂವರೆ ವರ್ಷ ಮೊದಲೇ ತೀರುತ್ತದೆ. ಬದಲಾಗುವ ಬಡ್ಡಿದರದ ಗೃಹಸಾಲವಾದರೆ ಅವಧಿಗೆ ಮುಂಚೆ ಕಟ್ಟಿದ್ದಕ್ಕೆ ದಂಡ ಹಾಕುವಂತಿಲ್ಲ ಎಂದು ರಿಸರ್ವ್ ಬ್ಯಾಂಕೇ ಹೇಳಿದೆ.

ಇದೆಲ್ಲ ನನಗೆ ಗೊತ್ತಿತ್ತು. ಲೆಕ್ಕದ ಪುಸ್ತಕದ ಕೊನೆಯ ಪುಟದಲ್ಲಿ ಕೆಂಪು ಶಾಯಿಯಲ್ಲಿ ಬರೆದೂ ಇಟ್ಟಿದ್ದೆ. ಆ ಹೆಚ್ಚುವರಿ ಕಂತಿಗೆ ಹಣ ಎಲ್ಲಿಂದ ತರಬೇಕು ಎಂದು ಮಾತ್ರ ಗೊತ್ತಿರಲಿಲ್ಲ.

ದೋಷ ಪತ್ತೆ

ಲಕ್ಷಣ: ಇಪ್ಪತ್ತನೇ ತಾರೀಖಿಗೆ ಯಂತ್ರ ನಿಲ್ಲುತ್ತದೆ. ಕಾರಣ: ಐದನೇ ತಾರೀಖು.

ಲಕ್ಷಣ: ಕೂಡಿದ ಮೊತ್ತಕ್ಕೂ ಜೇಬಿನಲ್ಲಿ ಉಳಿದದ್ದಕ್ಕೂ ತಾಳೆಯಾಗುವುದಿಲ್ಲ. ಕಾರಣ: ದೋಸೆ.

ಲಕ್ಷಣ: ‘ಒಂದು ಕೊಂಡರೆ ಒಂದು ಉಚಿತ’ ತಂದ ಮೇಲೆ ಎರಡೂ ಕೆಟ್ಟುಹೋದವು. ಕಾರಣ: ಒಂದೂ ಬೇಕಿರಲಿಲ್ಲ.

ಸುರಕ್ಷತಾ ಕವಾಟ

ಈ ಭಾಗ ಯಾವ ನಕ್ಷೆಯಲ್ಲೂ ಇಲ್ಲ. ನನ್ನ ಕಣ್ಣಿಗೆ ಬಿದ್ದದ್ದು 2016ರ ನವೆಂಬರ್ 8ರ ರಾತ್ರಿ. ಎಂಟು ಗಂಟೆಗೆ ಟಿವಿಯಲ್ಲಿ ಐನೂರು, ಸಾವಿರದ ನೋಟುಗಳು ಮಧ್ಯರಾತ್ರಿಯಿಂದ ನಡೆಯುವುದಿಲ್ಲ ಎಂಬ ಸುದ್ದಿ ಬಂತು. ನನ್ನ ಪರ್ಸಿನಲ್ಲಿ ಒಂದೇ ಐನೂರು ಇತ್ತಾದ್ದರಿಂದ ನಾನು ಆರಾಮವಾಗಿ, “ಕಪ್ಪುಹಣದವರಿಗೆ ಸರಿಯಾಗಿ ಆಯ್ತು” ಎಂದೆ. ಅಡುಗೆಮನೆಯಿಂದ ಉತ್ತರ ಬರಲಿಲ್ಲ. ಲಟ್ಟಣಿಗೆಯ ಸದ್ದೂ ನಿಂತಿತ್ತು.

ಸ್ವಲ್ಪ ಹೊತ್ತಿಗೆ ಡಬ್ಬಿಗಳ ಮುಚ್ಚಳ ಒಂದೊಂದಾಗಿ ತೆರೆಯುವ ಸದ್ದು. ಮೆಂತ್ಯದ ಡಬ್ಬಿ, ಸಾಂಬಾರ್ ಪುಡಿಯ ಡಬ್ಬಿ, ರಾಗಿಹಿಟ್ಟಿನ ಡಬ್ಬಿಯ ತಳ, ಹಳೇ ಪಂಚಾಂಗದ ನಡುವೆ, ಮದುವೆ ಸೀರೆಯ ಮಡಿಕೆ. ನಮ್ಮಾಕೆ ಊಟದ ಮೇಜಿನ ಮೇಲೆ ತಂದು ಸುರಿದರು. ಐನೂರರ 31 ನೋಟು, ಸಾವಿರದ 8. ಒಟ್ಟು 23,500 ರೂಪಾಯಿ. ಎಲ್ಲ ನಾಲ್ಕಾಗಿ ಮಡಿಸಿದ್ದವು, ಕೆಲವಕ್ಕೆ ಅರಿಸಿನದ ಬಣ್ಣ ಹತ್ತಿತ್ತು.

“ಇದೆಲ್ಲಿಂದ ಬಂತೇ?”

“ನಿಮ್ಮ ಪುಸ್ತಕದಿಂದಾನೇ ರೀ.”

ಅಂದು ರಾತ್ರಿ ಹಳೆಯ ಡೈರಿಗಳನ್ನು ತೆರೆದು ಕೂತೆ. ನೂರಾ ನಲವತ್ತು, ನೂರಾ ಇಪ್ಪತ್ತು, ತೊಂಬತ್ತು. ನೂರಾ ಹದಿನಾರರ ತರಕಾರಿ ನನ್ನ ಪುಟದಲ್ಲಿ ನೂರಾ ಇಪ್ಪತ್ತಾಗಿತ್ತು, ಎಂಬತ್ತೆರಡರದ್ದು ತೊಂಬತ್ತು. ಹದಿಮೂರು ವರ್ಷ ಸ್ಕೇಲು ಹಿಡಿದು ಕಾಲಂ ಎಳೆದು ನಾನು ಬರೆದದ್ದು ಕಥೆ. ಲೆಕ್ಕ ಇದ್ದದ್ದು ಮೆಂತ್ಯದ ಡಬ್ಬಿಯಲ್ಲಿ.

ಬ್ಯಾಂಕಿನ ಸಾಲಿನಲ್ಲಿ ಮೂರು ಗಂಟೆ ನಿಂತೆ. ಎಣಿಸುತ್ತಿದ್ದ ಕ್ಯಾಷಿಯರ್ ಎರಡು ಸಲ ಸೀನಿ, “ಸಾಂಬಾರ್ ಪುಡಿ ಮನೇಲೇ ಮಾಡಿದ್ದಾ ಸಾರ್?” ಎಂದು ಕೇಳಿದರು. ವಾಪಸ್ ಬಂದು ಪಾಸ್‌ಬುಕ್ ತೋರಿಸಿದಾಗ ನಮ್ಮಾಕೆ ಅದನ್ನು ತೆರೆಯಲೂ ಇಲ್ಲ. “ಡಬ್ಬಿಯಿಂದ ಆಚೆ ಬಂದಿದ್ದು ನಿಲ್ಲಲ್ಲ. ಸಾಲಕ್ಕೇ ಹಾಕಿಬಿಡಿ” ಎಂದರು. ನಾವು ಕಟ್ಟಿದ ಮೊಟ್ಟಮೊದಲ ಹೆಚ್ಚುವರಿ ಕಂತು ಅದು.

ಕವಾಟದ ನಿರ್ವಹಣೆ

ಈಗಿನ ಮಾದರಿಗಳಲ್ಲಿ ಈ ಕವಾಟ ತುಕ್ಕು ಹಿಡಿಯುತ್ತಿದೆ. ಮಗ ಅಮ್ಮನ ಮೊಬೈಲಿಗೆ ಯುಪಿಐ ಹಾಕಿಕೊಟ್ಟ. ಸೊಪ್ಪಿನ ಅಜ್ಜಿಯ ಗಾಡಿಗೂ ಕ್ಯೂಆರ್ ಕೋಡು ನೇತುಬಿದ್ದಿದೆ. ಮೂವತ್ತೆರಡು ರೂಪಾಯಿ ಕೊಟ್ಟರೆ ಗಾಡಿಯ ಡಬ್ಬ ‘ಮೂವತ್ತೆರಡು’ ಎಂದು ಬೀದಿಗೆಲ್ಲ ಕೇಳುವಂತೆ ಕೂಗುತ್ತದೆ, ಮರುಕ್ಷಣ ನನ್ನ ಜೇಬಿನಲ್ಲಿ ಸಂದೇಶ ಗುಂಯ್ಗುಡುತ್ತದೆ, ಏಕೆಂದರೆ ಖಾತೆ ಇಬ್ಬರದ್ದೂ, ಬ್ಯಾಂಕಿನ ಸಂದೇಶ ನನ್ನ ನಂಬರಿಗೂ ಬರುತ್ತದೆ. ಪುಸ್ತಕದಲ್ಲಿ ಸಂಖ್ಯೆಗಳು ಮೂವತ್ತೆರಡು, ಐವತ್ತೇಳು, ನೂರಾ ಹದಿಮೂರು ಎಂದು ಸರಿಯಾಗಿ ಬೀಳತೊಡಗಿದವು. ಮೂರು ತಿಂಗಳು ನನ್ನ ಲೆಕ್ಕ ಪೈಸೆ ಪೈಸೆಗೂ ತಾಳೆಯಾಯಿತು. ಅಷ್ಟು ಕೆಟ್ಟ ಮೂರು ತಿಂಗಳನ್ನು ಈ ಯಂತ್ರ ಕಂಡಿರಲಿಲ್ಲ.

ದುರಸ್ತಿಯ ವಿಧಾನ ಇಷ್ಟು. ತಿಂಗಳ ಮೊದಲ ವಾರ ಎಟಿಎಂನಿಂದ ನೋಟು ತನ್ನಿ. ನೆಟ್‌ವರ್ಕ್ ಸರಿಯಿಲ್ಲ, ಕೈಯಲ್ಲೇ ಕೊಟ್ಟುಬಿಡು ಎಂದು ಹೇಳಿ ಐನೂರರ ನೋಟನ್ನು ಫ್ರಿಜ್ಜಿನ ಮೇಲೆ ಇಡಿ. ಚಿಲ್ಲರೆ ಎಷ್ಟು ಉಳಿಯಿತು ಎಂದು ಕೇಳಬೇಡಿ. ರಾತ್ರಿ ಒಂಬತ್ತಕ್ಕೆ ಪುಸ್ತಕ ತೆರೆದು, ಅಡುಗೆಮನೆಯ ಕಡೆ ಮುಖ ಮಾಡಿ, ಎಂದಿನಂತೆ ಕೇಳಿ.

“ಸೊಪ್ಪು ಎಷ್ಟಾಯ್ತೇ?”

“ಅರವತ್ತು. ಈಗ ತುಂಬಾ ಜಾಸ್ತಿ ಮಾಡ್ಬಿಟ್ಟಿದಾರೆ ರೀ.”

“ಹೌದಾ” ಎಂದು ಬರೆದುಕೊಳ್ಳಿ.