ಬಾವಿಯಲ್ಲ, ಈಜುಕೊಳ

ದುಬೈಯಲ್ಲಿರುವ ಮಗ ಫೋನಿನಲ್ಲಿ ಹೇಳಿದ್ದು ಇಷ್ಟೇ: "ಹಿತ್ತಲಲ್ಲಿ ಸಣ್ಣದೊಂದು ಸ್ವಿಮ್ಮಿಂಗ್ ಪೂಲ್ ಮಾಡಿಸಿ ಅಪ್ಪ, ರಜೆಯಲ್ಲಿ ಮಕ್ಕಳಿಗೆ ಆಗ್ತದೆ." 20 ಅಡಿ ಉದ್ದ, 10 ಅಡಿ ಅಗಲ, 4 ಅಡಿ ಆಳ. ಕಾಗದದಲ್ಲಿ ಸಣ್ಣದೇ ಇತ್ತು.

ಮಂಗಳೂರಿನ ಆಸುಪಾಸಿನ ನೆಲ ಮೇಲ್ನೋಟಕ್ಕೆ ಬಲು ಗಟ್ಟಿ. ಮುರಕಲ್ಲು ಒಡೆಯುವಾಗ ಜೆಸಿಬಿಯೇ ಏದುಸಿರು ಬಿಟ್ಟಿತು. ಅದರಡಿಯ ಶೇಡಿ ಮಣ್ಣು ಮಾತ್ರ ನೆನೆದ ಅವಲಕ್ಕಿ. ಅಗೆದ ಮಣ್ಣು ಗುಂಡಿಗಿಂತ ದೊಡ್ಡದಾಗುತ್ತದೆಂದು ನನಗೆ ಯಾರೂ ಹೇಳಿರಲಿಲ್ಲ. ಎದ್ದ ರಾಶಿಗೆ ತುಳಸಿಕಟ್ಟೆಯೇ ಮರೆಯಾಯಿತು.

ಅಷ್ಟರಲ್ಲಿ ಪತ್ತನಾಜೆ ಕಳೆದು ಮಳೆಗಾಲ ಬಾಗಿಲಿಗೆ ಬಂದಿತ್ತು. ಎರಡೇ ಮಳೆಗೆ ಗುಂಡಿಯ ಮೂಲೆಯಲ್ಲಿ ಒಸರು ಎದ್ದಿತು. ಆಚೆಮನೆಯವರು ಕೊಡೆ ಹಿಡಿದುಕೊಂಡು ಬಂದು ಬಗ್ಗಿ ನೋಡಿದರು.

"ಒಳ್ಳೆ ನೀರು ಮಾರಾಯ್ರೆ! ಜಾಗ ತೋರಿಸಿದ್ದು ಯಾರು?"

"ಬಾವಿಯಲ್ಲ, ಈಜುಕೊಳ."

"ನೀರು ಬರಲಿಲ್ಲ ಅಂತ ಅಳುವವರನ್ನು ಕಂಡಿದ್ದೇನೆ. ಬಂತು ಅಂತ ಅಳುವವರು ನೀವೇ ಮೊದಲು."

ಹದಿನೈದು ದಿನ ಹಗಲಿರುಳು ಪಂಪು ಓಡಿತು. ಮೇಸ್ತ್ರಿ ಹೇಗೋ ಕಂಬಿ ಕಟ್ಟಿ ಕಾಂಕ್ರೀಟು ಮುಗಿಸಿದ. ಪಂಪು ನಿಲ್ಲಿಸಿ, ಕೊನೆಗೂ ಒಣಗಿದ ಕೊಳವನ್ನು ಕಣ್ತುಂಬ ನೋಡುತ್ತಿದ್ದಾಗ ಇಂಜಿನಿಯರ್ ಬಂದು ಗಾಬರಿಯಾದರು.

"ಖಾಲಿ ಬಿಡಬೇಡಿ! ಸುತ್ತಲಿನ ನೆಲದಲ್ಲಿ ನೀರು ಏರಿದರೆ ಕೊಳ ದೋಣಿ ಹಾಗೆ ಮೇಲಕ್ಕೇಳ್ತದೆ. ಇವತ್ತೇ ತುಂಬಿಸಿ."

ಕಾಂಕ್ರೀಟು ತೇಲುವುದೇ ಎಂದು ನಕ್ಕೆ. ಅವರು ನಗಲಿಲ್ಲ. ಇಷ್ಟು ದೊಡ್ಡ ಕೊಳವನ್ನು ನೀರು ಕೆಳಗಿನಿಂದ ನೂಕುವ ಬಲವೇ 22 ಟನ್ನಿಗೂ ಮೇಲೆ, ಕಾಂಕ್ರೀಟಿನ ತೂಕ ಅಷ್ಟಿಲ್ಲ ಎಂದು ಸಿಮೆಂಟು ಚೀಲದ ಮೇಲೆಯೇ ಲೆಕ್ಕ ಬರೆದು ತೋರಿಸಿದರು.

ಅದೇ ಪಂಪು, ಹೆಚ್ಚುಕಡಿಮೆ ಅದೇ ನೀರು. ಪೈಪಿನ ತಲೆ ಬಾಲ ಮಾತ್ರ ಅದಲು ಬದಲು. ಹದಿನೈದು ದಿನ ಹೊರಗೆ ಚೆಲ್ಲಿದ್ದನ್ನು ಈಗ ಒಳಗೆ ಸುರಿದೆ, 22,000 ಲೀಟರಿಗೂ ಹೆಚ್ಚು. ಕರೆಂಟು ಬಿಲ್ಲು ಎರಡಕ್ಕೂ ಬಂತು.

ಸೋರುತ್ತದೆಯೇ ಎಂದು ತಿಳಿಯಲು ಕೊಳದ ಮೆಟ್ಟಿಲ ಮೇಲೆ ತುಂಬಿದ ಬಕೆಟ್ ಇಡಬೇಕಂತೆ. ಎರಡೂ ಸಮನಾಗಿ ಇಳಿದರೆ ಬಿಸಿಲು ಕುಡಿದದ್ದು. ಕೊಳದ್ದೇ ಹೆಚ್ಚು ಇಳಿದರೆ ಸೋರಿಕೆ. ಜೂನಿನ ಮಳೆಗೆ ಎರಡೂ ತುಂಬಿ ಹೊರಚೆಲ್ಲಿದವು. "ದೀಪಾವಳಿ ಕಳೆಯಲಿ, ನೋಡುವ" ಎಂದು ಹೋದ ಮೇಸ್ತ್ರಿಯ ಫೋನು ಅಂದಿನಿಂದ ಸ್ವಿಚ್ ಆಫ್.

ಮರುದಿನ ಬೆಳಿಗ್ಗೆ ಹೋಗಿ ನೋಡಿದರೆ ಕೊಳದಲ್ಲಿ ಏಳೆಂಟು ತೆಂಗಿನ ಮಡಲು ತೇಲುತ್ತಿದ್ದವು. ದಡದಲ್ಲಿ ಅಮ್ಮ, ಒಂಬತ್ತನೆಯದನ್ನು ಎಳೆದುಕೊಂಡು ಬರುತ್ತಿದ್ದಳು.

"ಹೆಣೆಯಲಿಕ್ಕೆ ನೆನೆಹಾಕಿದ್ದು ಮಗಾ. ಇಷ್ಟು ಅನುಕೂಲದ ಹೊಂಡ ನಮ್ಮಲ್ಲಿ ಇರಲೇ ಇಲ್ಲ ನೋಡು."